94 ಪರ್ಸೆಂಟಿಗೆ ನಿಂತ ಟೊರೆಂಟು, ಹತ್ತೊಂಬತ್ತು ದಿನದ ಯೂಸ್‌ನೆಟ್ಟು

ಜೂನ್ ಎರಡನೇ ವಾರ ಶುರು ಮಾಡಿದ ಕೆಲಸ ಮೊನ್ನೆ ಭಾನುವಾರ ಮುಗಿಯಿತು. ಹಳೇ ಗ್ರಾಮಫೋನ್ ಪ್ಲೇಟಿನ ಹಾಡುಗಳನ್ನು ಯೂಸ್‌ನೆಟ್ ಅನ್ನುವ ಹಳೇ ಜಾಲದಿಂದ ಇಳಿಸುವುದೇ ಆ ಕೆಲಸ. ಒಟ್ಟು ಹತ್ತೊಂಬತ್ತು ದಿನ. ಅದರಲ್ಲಿ ನಿಜವಾಗಿ ಡೌನ್‌ಲೋಡ್ ಆದದ್ದು ನಾಲ್ಕೇ ನಿಮಿಷ. ಉಳಿದದ್ದೆಲ್ಲ ಗೊಂದಲ, ಬ್ಯಾಂಕು, ಓಟಿಪಿ, ಕರೆಂಟು. ನೀವೂ ಅಷ್ಟು ಸುತ್ತುವುದು ಬೇಡ ಅಂತ ಬರೆಯುತ್ತಿದ್ದೇನೆ.

ಇದೆಲ್ಲ ಶುರುವಾದದ್ದು ಪೆರ್ಲದಲ್ಲಿರುವ ನನ್ನ ಸೋದರಮಾವನಿಂದ. ಅವರ ಜಗಲಿಯಲ್ಲಿ ಒಂದು ಗ್ರಾಮಫೋನ್ ಉಂಟು. ಸ್ಪ್ರಿಂಗ್ ಹೋಗಿ ಎಷ್ಟೋ ವರ್ಷ ಆಯಿತು, ಈಗ ಅದರ ಮೇಲೆ ಅಡಿಕೆ ಮಾರಿದ ಚೀಟಿಗಳನ್ನು ಇಡುತ್ತಾರೆ. ಒಂದು ದಿನ ಚಾ ಕುಡಿಯುತ್ತಾ ಹೇಳಿದರು: "ನನ್ನ ಅಜ್ಜನ ಹತ್ತಿರ ಗೌಹರ್ ಜಾನ್ ಹಾಡಿದ ಪ್ಲೇಟು ಇತ್ತು ಮಾರಾಯ. ಒಡೆದುಹೋಯಿತು. ನಿನ್ನ ಕಂಪ್ಯೂಟರಿನಲ್ಲಿ ಸಿಗುತ್ತದಾ ನೋಡು."

ಗೌಹರ್ ಜಾನ್ ಅಂದರೆ ನಮ್ಮ ದೇಶದಲ್ಲಿ ಗ್ರಾಮಫೋನಿಗೆ ಮೊದಮೊದಲು ಹಾಡಿದ ಗಾಯಕಿ. ಯೂಟ್ಯೂಬಿನಲ್ಲಿ ಸಿಕ್ಕಿದ್ದನ್ನೆಲ್ಲ ಫೋನಿನಲ್ಲೇ ಕೇಳಿಸಿದೆ. ಒಂದೊಂದಕ್ಕೂ "ಇದಲ್ಲ" ಅಂದರು. ಹಾಡಿನ ಹೆಸರು ಅವರಿಗೆ ಗೊತ್ತಿಲ್ಲ. ರಾಗ ಗೊತ್ತಿಲ್ಲ. ಕೇಳಿದರೆ ಮಾತ್ರ ಗೊತ್ತಾಗುತ್ತದಂತೆ. ಆಕೆ ಮುದ್ರಿಸಿದ್ದು 600ರಷ್ಟು ಹಾಡು ಅನ್ನುತ್ತಾರೆ. ಹಾಗಾಗಿ ಒಂದೊಂದಾಗಿ ಹುಡುಕುವುದರ ಬದಲು ಆ ಕಾಲದ ಹಾಡುಗಳ ದೊಡ್ಡ ಗಂಟೇ ಸಿಕ್ಕಿದರೆ ಒಳ್ಳೆಯದು ಅನ್ನಿಸಿತು.

ಅಂಥ ಒಂದು ಗಂಟು ಟೊರೆಂಟಿನಲ್ಲಿ, ಅಂದರೆ ಜನ ತಮ್ಮ ತಮ್ಮ ಕಂಪ್ಯೂಟರಿನಿಂದ ಒಬ್ಬರಿಗೊಬ್ಬರು ಫೈಲು ಹಂಚಿಕೊಳ್ಳುವ ವ್ಯವಸ್ಥೆಯಲ್ಲಿ, ಕಂಡಿತು. 78 ಆರ್‌ಪಿಎಂ, ಅಂದರೆ ನಿಮಿಷಕ್ಕೆ 78 ಸುತ್ತು ತಿರುಗುವ ಹಳೇ ಪ್ಲೇಟುಗಳಿಂದ ಇಳಿಸಿದ ಇನ್ನೂರು ಚಿಲ್ಲರೆ ಹಾಡು. ಹಾಕಿದೆ. ಎರಡು ದಿನದಲ್ಲಿ 94.2 ಪರ್ಸೆಂಟಿಗೆ ಬಂತು, ಅಲ್ಲೇ ನಿಂತಿತು. ಒಂದು ವಾರ ಲ್ಯಾಪ್‌ಟಾಪ್ ಆಫ್ ಮಾಡದೆ ಇಟ್ಟೆ. ನಮ್ಮಲ್ಲಿಗೆ ಇಂಟರ್‌ನೆಟ್ ಕೊಡುವ ಕೇಬಲ್ ಹುಡುಗನನ್ನು ಕರೆದೆ. ಅವನು ರೌಟರ್ ನೋಡಿ ಮಲಯಾಳದಲ್ಲಿ ಹೇಳಿದ್ದರ ಸಾರ ಇಷ್ಟು: "ಮಾಷೇ, ನಿಮಗೆ ಸ್ವಂತ ಐಪಿ, ಅಂದರೆ ಇಂಟರ್‌ನೆಟ್ ವಿಳಾಸ, ಇಲ್ಲ. ಇಡೀ ಏರಿಯಾಕ್ಕೆ ಒಂದೇ. ಹೊರಗಿನವರು ನಿಮ್ಮ ಮನೆ ಬಾಗಿಲು ತಟ್ಟಲಿಕ್ಕೆ ಆಗುವುದಿಲ್ಲ."

ನೀವೂ ನೋಡಿಕೊಳ್ಳಿ. ರೌಟರಿನ ಪುಟದಲ್ಲಿ ವ್ಯಾನ್ ಐಪಿ ಅಂತ ಇರುತ್ತದೆ. ಅದು 100.64ರಿಂದ 100.127ರ ಒಳಗೆ ಇದ್ದರೆ ನಿಮ್ಮದೂ ಇದೇ ಕಥೆ. ಟೊರೆಂಟ್ ನಡೆಯುತ್ತದೆ, ಆದರೆ ಕುಂಟುತ್ತದೆ. ಆದರೂ ನನ್ನ ನಿಜವಾದ ತೊಂದರೆ ಅದಾಗಿರಲಿಲ್ಲ. ಟೊರೆಂಟ್ ಪ್ರೋಗ್ರಾಮಿನ ಮೂಲೆಯಲ್ಲಿ 'ಅವೈಲಬಿಲಿಟಿ' ಅಂತ ಒಂದು ಅಂಕೆ ಇರುತ್ತದೆ. ನನ್ನದರಲ್ಲಿ 0.942 ಇತ್ತು. ಒಂದಕ್ಕಿಂತ ಕಡಿಮೆ ಅಂದರೆ ಆಗ ಲೈನಿನಲ್ಲಿ ಇರುವವರ ಹತ್ತಿರ ಇರುವುದನ್ನೆಲ್ಲ ಒಟ್ಟು ಸೇರಿಸಿದರೂ ಪೂರ್ತಿ ಆಗುವುದಿಲ್ಲ ಅಂತ ಅರ್ಥ. ಆ ಕೊನೆಯ ಆರು ಪರ್ಸೆಂಟ್ ಯಾರಲ್ಲೂ ಇರಲಿಲ್ಲ. ನಾನು ಸುಮ್ನೆ ಕಾದದ್ದು.

ಬೆಂಗಳೂರಿನಲ್ಲಿರುವ ಒಬ್ಬ ಹಳೇ ಶಿಷ್ಯನಿಗೆ ಫೋನ್ ಮಾಡಿದೆ. "ಯೂಸ್‌ನೆಟ್ ನೋಡಿ ಸಾರ್. ಹಳೇ ಸಾಮಾನು ಅಲ್ಲಿ ಸಿಗುವ ಚಾನ್ಸ್ ಜಾಸ್ತಿ" ಅಂದ. ಆ ಹೆಸರನ್ನು ನಾನು ಕೇಳಿದ್ದೇ ಮೊದಲ ಸಲ.

ಅದು ವೆಬ್‌ಗಿಂತ ಹಳೇದು. 1979ರಲ್ಲಿ ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದ ಟಾಮ್ ಟ್ರಸ್ಕಾಟ್ ಮತ್ತು ಜಿಮ್ ಎಲ್ಲಿಸ್ ಅನ್ನುವ ಇಬ್ಬರು ವಿದ್ಯಾರ್ಥಿಗಳು ಯೋಚನೆ ಹಾಕಿದ್ದು, ಮರುವರ್ಷ ನಡೆಯತೊಡಗಿತು. ಅದರಲ್ಲಿ ಒಂದೊಂದು ವಿಷಯಕ್ಕೆ ಒಂದೊಂದು ಚರ್ಚೆಯ ಜಾಗ, ಅದಕ್ಕೆ ನ್ಯೂಸ್‌ಗ್ರೂಪ್ ಅನ್ನುತ್ತಾರೆ. ಲಿನಕ್ಸ್ ಅನ್ನುವ ಉಚಿತ ಆಪರೇಟಿಂಗ್ ಸಿಸ್ಟಮ್ ಮಾಡುತ್ತಿದ್ದೇನೆ ಅಂತ ಲೈನಸ್ ಟೊರ್ವಾಲ್ಡ್ಸ್ 1991ರ ಆಗಸ್ಟಿನಲ್ಲಿ ಮೊದಲು ಬರೆದದ್ದು ಇಂಥ ಒಂದು ನ್ಯೂಸ್‌ಗ್ರೂಪಿನಲ್ಲೇ. ಟೊರೆಂಟ್ ಅಂದರೆ ನೆರೆಮನೆಗಳಿಂದ ಪಾತ್ರೆ ಕಡ ತಂದು ಊಟ ಬಡಿಸಿದ ಹಾಗೆ. ನೆರೆಯವರು ಬಾಗಿಲು ಹಾಕಿಕೊಂಡರೆ ಊಟ ಅರ್ಧಕ್ಕೇ ನಿಂತಿತು. ಯೂಸ್‌ನೆಟ್ ಬೇರೆ. ನೀರ್ಚಾಲಿನ ವಾಚನಾಲಯಕ್ಕೆ ಒಂದು ಪುಸ್ತಕ ಕೊಟ್ಟರೆ ರಾತ್ರೋರಾತ್ರಿ ಅದರ ಪ್ರತಿ ಎಲ್ಲ ಊರಿನ ವಾಚನಾಲಯಕ್ಕೂ ಹೋಗಿ ಕೂರುತ್ತದೆ ಅಂತ ಇಟ್ಟುಕೊಳ್ಳಿ. ಕೊಟ್ಟವನು ಆಮೇಲೆ ಊರಲ್ಲಿದ್ದರೂ ಇಲ್ಲದಿದ್ದರೂ ಪುಸ್ತಕ ಅಲ್ಲಿರುತ್ತದೆ. ನೀವು ಹೋಗಿ ತರುವುದು ಮಾತ್ರ, ಯಾರಿಗೂ ತಿರುಗಿ ಹಂಚಬೇಕಾಗಿಲ್ಲ. ನಮ್ಮ ಬಾಗಿಲನ್ನು ಯಾರೂ ತಟ್ಟುವುದೂ ಬೇಡ. ಆದರೆ ವಾಚನಾಲಯಕ್ಕೆ ದುಡ್ಡು ಕೊಡಬೇಕು.

ನಾನು ಮೊದಲು ದುಡ್ಡು ಕೊಡದೆಯೇ ಆಗುತ್ತದಾ ಅಂತ ನೋಡಿದೆ. 'ಎಟರ್ನಲ್ ಸೆಪ್ಟೆಂಬರ್' ಅನ್ನುವ ಸರ್ವರಿನಲ್ಲಿ ಉಚಿತ ಖಾತೆ ಸಿಗುತ್ತದೆ. 1993ರ ಸೆಪ್ಟೆಂಬರಿನಿಂದ ಹೊಸಬರ ನೂಕುನುಗ್ಗಲು ನಿಲ್ಲಲೇ ಇಲ್ಲವಂತೆ, ಆ ಹಳೇ ತಮಾಷೆಯ ಹೆಸರು. ಥಂಡರ್‌ಬರ್ಡ್ ಅನ್ನುವ ಈಮೇಲ್ ಪ್ರೋಗ್ರಾಮಿನಲ್ಲಿ ಆ ಖಾತೆ ಹಾಕಿ ಗ್ರೂಪುಗಳ ಪಟ್ಟಿ ತೆರೆದೆ. ಸಾಕ್.ಕಲ್ಚರ್.ಇಂಡಿಯನ್.ಕರ್ನಾಟಕ ಅಂತ ಒಂದು ಕಂಡಿತು! ಒಳಗೆ ಹೋದರೆ ಜನ ಬಿಟ್ಟುಹೋದ ಮನೆಯ ಹಾಗಿತ್ತು. ಕಾಸರಗೋಡಿನವನಿಗೆ ಕರ್ನಾಟಕದ ಬಾಗಿಲು ತೆರೆದಾಗ ಒಳಗೆ ಯಾರೂ ಇಲ್ಲದಿರುವುದು ಹೊಸತೇನಲ್ಲ, ಬಿಡಿ. ಒಂದು ಸಂಜೆ ಪೂರ್ತಿ ಅಲ್ಲಿ ಹಾಡು ಹುಡುಕಿದ ಮೇಲೆ ಗೊತ್ತಾಯಿತು: ಈ ಉಚಿತ ಸರ್ವರಿನಲ್ಲಿ ಬರಹ ಮಾತ್ರ. ಹಾಡು, ಚಿತ್ರ, ಪ್ರೋಗ್ರಾಮು ಇರುವುದು 'ಬೈನರೀಸ್' ಅನ್ನುವ ಗ್ರೂಪುಗಳಲ್ಲಿ. ಅವು ಬೇಕಾದರೆ ದುಡ್ಡಿನ ಸರ್ವರೇ ಆಗಬೇಕು.

ಇನ್ನು ನನ್ನ ದೊಡ್ಡ ಮಂಗತನ. ದುಡ್ಡು ಕೊಟ್ಟರೆ ಹುಡುಕುವ ಪೆಟ್ಟಿಗೆ, ಇಳಿಸುವ ಬಟನ್ ಎಲ್ಲ ಒಂದೇ ಕಡೆ ಸಿಗುತ್ತದೆ ಅಂತ ತಿಳಿದಿದ್ದೆ. ಇಲ್ಲ. ಇವು ಮೂರು ಬೇರೆ ಬೇರೆ ಸಂಗತಿಗಳು, ಬೇರೆ ಬೇರೆ ಜನ ಕೊಡುವಂಥವು. ಸರಕು ಇಟ್ಟುಕೊಂಡಿರುವವನು ಪ್ರೊವೈಡರ್, ಅವನಿಗೆ ದುಡ್ಡು. ಸರಕು ಎಲ್ಲಿ ಉಂಟು ಅಂತ ಹೇಳುವವನು ಇಂಡೆಕ್ಸರ್. ಕೆಲವರು ಉಚಿತ, ಕೆಲವರು ದುಡ್ಡು ಕೇಳುತ್ತಾರೆ, ಕೆಲವರು ಗುರುತಿನವರು ಕರೆದರೆ ಮಾತ್ರ ಒಳಗೆ ಬಿಡುತ್ತಾರೆ. ಹೋಗಿ ಹೊತ್ತು ತರುವುದು ನಿಮ್ಮ ಕಂಪ್ಯೂಟರಿನಲ್ಲಿರುವ ಪ್ರೋಗ್ರಾಮು. ಸ್ಯಾಬ್‌ಎನ್‌ಝಡ್‌ಬಿ ಅಂತ ಒಂದು ಒಳ್ಳೆಯದು ಉಂಟು, ಅದು ಉಚಿತ. ಇಂಡೆಕ್ಸರ್ ನಿಮಗೆ ಕೊಡುವುದು ಎನ್‌ಝಡ್‌ಬಿ ಅನ್ನುವ ಸಣ್ಣ ಫೈಲು. ಅದರಲ್ಲಿ ಹಾಡು ಇರುವುದಿಲ್ಲ, ಹಾಡಿನ ತುಂಡುಗಳ ವಿಳಾಸ ಮಾತ್ರ. ನಾನು ಮೊದಲ ಸಲ ಅದನ್ನು ಇಳಿಸಿ, 80 ಕೆಬಿ ಯಾಕೆ ಬಂತು ಅಂತ ತಲೆ ಕೆರೆದುಕೊಂಡೆ.

ಪ್ರೊವೈಡರ್‌ಗಳಲ್ಲಿ ಎರಡು ತರದ ಲೆಕ್ಕ. ಒಂದು ತಿಂಗಳಿಗೆ ಇಷ್ಟು ಅಂತ, ಎಷ್ಟು ಬೇಕಾದರೂ ಇಳಿಸಿ. ಇನ್ನೊಂದು ಬ್ಲಾಕ್. 100 ಜಿಬಿ ಕೊಂಡರೆ ಅದು ಖಾಲಿ ಆಗುವ ತನಕ ನಿಮ್ಮದೇ. ಅಪರೂಪಕ್ಕೆ ಬೇಕಾಗುವವರಿಗೆ ಬ್ಲಾಕೇ ಸರಿ. ತಿಂಗಳ ಪ್ಲಾನು ತೆಗೆದುಕೊಂಡು ನಿಲ್ಲಿಸಲು ಮರೆತರೆ ಮತ್ತೆ ಕಾರ್ಡಿನೊಟ್ಟಿಗೆ ಜಗಳ ಆಗುತ್ತದೆ. ನಾನು 8 ಡಾಲರಿನ ಬ್ಲಾಕ್ ಆರಿಸಿದೆ.

ಆರಿಸಿದ್ದೇ ಸೈ, ದುಡ್ಡು ಹೋಗಲಿಲ್ಲ. ನನ್ನದು ರುಪೇ ಕಾರ್ಡು, ಆ ಸೈಟು ಅದನ್ನು ಮೂಸಿಯೂ ನೋಡಲಿಲ್ಲ. ಮಳೆಗೆ ರಜೆ ಕೊಟ್ಟ ಒಂದು ದಿನ ಬದಿಯಡ್ಕದಲ್ಲಿರುವ ನನ್ನ ಬ್ಯಾಂಕಿಗೆ ಹೋದೆ. ವೀಸಾ ಕಾರ್ಡು ಬೇಕು ಅಂದೆ. "ಎಂತಕ್ಕೆ? ಗಲ್ಫಿಗೆ ಹೊರಟಿರಾ?" ಅಂತ ಕೌಂಟರಿನಲ್ಲಿದ್ದವರು ಕೇಳಿದರು. ಗೌಹರ್ ಜಾನ್ ವಿಷಯ ಹೇಳುವಷ್ಟು ಧೈರ್ಯ ಆಗಲಿಲ್ಲ. ಹೌದು ಅನ್ನುವ ಹಾಗೆ ತಲೆ ಆಡಿಸಿದೆ. ಫಾರಂ ತುಂಬಿಸಿದೆ. ಕಾರ್ಡು ಅಂಚೆಯಲ್ಲಿ ಬರಲು ಒಂಬತ್ತು ದಿನ. ಕವರು ಒದ್ದೆಯಾಗಿ ಹೆಸರಿನ ಶಾಯಿ ಹರಡಿತ್ತು, ಕಾರ್ಡಿಗೆ ಎಂತದೂ ಆಗಿರಲಿಲ್ಲ.

ಆಮೇಲೂ ಹೋಗಲಿಲ್ಲ. 2020ರಿಂದ ರಿಸರ್ವ್ ಬ್ಯಾಂಕಿನ ನಿಯಮದಂತೆ ಹೊಸ ಕಾರ್ಡುಗಳಲ್ಲಿ ಆನ್‌ಲೈನ್ ಮತ್ತು ವಿದೇಶದ ವ್ಯವಹಾರ ಬಂದ್ ಆಗಿಯೇ ಬರುತ್ತದೆ, ನಾವೇ ಆ್ಯಪಿನಲ್ಲಿ ತೆರೆಯಬೇಕು. ಎರಡೂ ಸ್ವಿಚ್ ಆನ್ ಮಾಡಿ, ಮಿತಿ ಸಾವಿರ ರೂಪಾಯಿ ಇಟ್ಟೆ. ಓಟಿಪಿ ಬಂತು, ಆದರೆ ಸಮಯ ಮುಗಿದ ಮೇಲೆ. ನಮ್ಮ ಮನೆಯೊಳಗೆ ರೇಂಜ್ ಇಲ್ಲ. ಎರಡನೇ ಸಲ ಲ್ಯಾಪ್‌ಟಾಪನ್ನು ಜಗಲಿಯ ತುದಿಯಲ್ಲಿಟ್ಟು, ಇವಳನ್ನು ಫೋನು ಮತ್ತು ಕೊಡೆಯೊಂದಿಗೆ ಬಾವಿಕಟ್ಟೆಯ ಹತ್ತಿರ ನಿಲ್ಲಿಸಿದೆ. ಮಳೆಯ ಸದ್ದಿನಲ್ಲಿ ಆರು ಅಂಕೆ ಕಿರುಚಿದಳು. "ಏಳೋ ಎರಡೋ?" ಅಂತ ನಾನು ಕಿರುಚಿದೆ. ಅಂತೂ ಆಯಿತು. ಡಾಲರಿನ ರೇಟು, ಅದರ ಮೇಲೆ ಬ್ಯಾಂಕಿನ ಮೂರೂವರೆ ಪರ್ಸೆಂಟ್, ಆ ಮೂರೂವರೆಯ ಮೇಲೆ 18 ಪರ್ಸೆಂಟ್ ಜಿಎಸ್‌ಟಿ, ಎಲ್ಲ ಸೇರಿ 735 ರೂಪಾಯಿ. ಕೆಲಸ ಮುಗಿದ ಕೂಡಲೇ ವಿದೇಶದ ಸ್ವಿಚ್ ಆಫ್ ಮಾಡಿಬಿಡಿ. ಹೊರಗಿನ ಕೆಲವು ಸೈಟುಗಳು ಓಟಿಪಿ ಕೇಳದೆಯೇ ದುಡ್ಡು ತೆಗೆಯುತ್ತವೆ.

ಸ್ಯಾಬ್‌ಎನ್‌ಝಡ್‌ಬಿ ಹಾಕುವುದು ಸುಲಭ. ಬ್ರೌಸರಿನಲ್ಲೇ ತೆರೆದುಕೊಳ್ಳುತ್ತದೆ. ಸರ್ವರಿನ ಹೆಸರು, ಯೂಸರ್ ನೇಮ್, ಪಾಸ್‌ವರ್ಡ್ ಕೇಳುತ್ತದೆ. ಎಸ್‌ಎಸ್‌ಎಲ್, ಅಂದರೆ ದಾರಿಗೆ ಬೀಗ, ಅದಕ್ಕೆ ಗುರುತು ಹಾಕಿ, ಪೋರ್ಟ್ 563 ಕೊಡಿ. 119 ಅಂದರೆ ಬೀಗ ಇಲ್ಲದ ಹಳೇ ದಾರಿ. ಟೆಸ್ಟ್ ಬಟನ್ ಒತ್ತಿದೆ. 481 ಅಂತ ಬಂತು. ಯೂಸರ್ ನೇಮ್ ಅಥವಾ ಪಾಸ್‌ವರ್ಡ್ ತಪ್ಪು ಅಂತ ಅರ್ಥ. ಹತ್ತು ಸಲ ಬರೆದೆ, ಪಾಸ್‌ವರ್ಡ್ ಬದಲಿಸಿದೆ, ಮತ್ತೂ 481. ದುಡ್ಡು ಮುಳುಗಿತು ಅಂತ ಆ ರಾತ್ರಿ ನಿದ್ದೆ ಸರಿ ಬರಲಿಲ್ಲ. ಬೆಳಿಗ್ಗೆ ಅವರ ಈಮೇಲನ್ನು ಕೊನೆಯ ಸಾಲಿನ ತನಕ ಓದಿದೆ. ಸೈಟಿಗೆ ಹೋಗುವ ಯೂಸರ್ ನೇಮ್ ಬೇರೆ, ಸರ್ವರಿನ ಯೂಸರ್ ನೇಮ್ ಬೇರೆ! ನಾನು ಕೊಡುತ್ತಾ ಇದ್ದದ್ದು ನನ್ನ ಈಮೇಲ್ ವಿಳಾಸ. ಮಕ್ಕಳಿಗೆ ಪ್ರಶ್ನೆಪತ್ರಿಕೆ ಪೂರ್ತಿ ಓದಿ ಅಂತ ವರ್ಷವಿಡೀ ಹೇಳುವವನು ನಾನು.

ಟೆಸ್ಟ್ ಹಸಿರಾಯಿತು. ಇನ್ನೊಂದು ಸೂಚನೆ: ಪ್ರೊವೈಡರ್ ಒಟ್ಟಿಗೇ 50 ಕನೆಕ್ಷನ್ ಕೊಡುತ್ತೇನೆ ಅಂದರೂ ಅಷ್ಟೂ ಹಾಕಬೇಡಿ. ನನ್ನ 50 ಎಂಬಿಪಿಎಸ್ ಲೈನಿಗೆ ಎಂಟು ಸಾಕಾಯಿತು. ಕೊಟ್ಟದ್ದಕ್ಕಿಂತ ಜಾಸ್ತಿ ಹಾಕಿದರೆ 502 ಅಂತ ಬೈಯುತ್ತದೆ.

ಈಗ ಹುಡುಕುವ ಕೆಲಸ. ಉಚಿತ ಇಂಡೆಕ್ಸರ್‌ಗಳಲ್ಲಿ ಗೌಹರ್ ಜಾನ್ ಅಂತ ಹಾಕಿದೆ. ಇಲ್ಲ. ಬೇರೆ ಬೇರೆ ಸ್ಪೆಲ್ಲಿಂಗು ಹಾಕಿದೆ. ಇಲ್ಲ. ಸಿಕ್ಕಿದ ಬೇರೆ ಒಂದೆರಡು ಗಂಟುಗಳು ತೆರೆಯುವಾಗ ಪಾಸ್‌ವರ್ಡ್ ಕೇಳಿದವು, ಪಾಸ್‌ವರ್ಡಿಗೆ ಇಂಥ ಸೈಟಿಗೆ ಹೋಗಿ ಅಂತ ಒಂದು ಚೀಟಿ. ಅಂಥದ್ದು ಕಂಡರೆ ಯೋಚನೆ ಮಾಡದೆ ಅಳಿಸಿ. ಹಾಡು ಅಂತ ಇಳಿಸಿದ್ದು ಇಎಕ್ಸ್‌ಇ, ಅಂದರೆ ಪ್ರೋಗ್ರಾಮು ಆಗಿ ಬಂದರೂ ಅಷ್ಟೆ.

ಶಿಷ್ಯನಿಗೆ ಮತ್ತೆ ಫೋನು. "ಸಾರ್, ಇಂಡೆಕ್ಸರ್ ಬಿಡಿ. ಗ್ರೂಪಿಗೇ ಹೋಗಿ ನೋಡಿ, ಹಳೇ ಕಾಲದವರ ಹಾಗೆ." ಪ್ಯಾನ್ ಅನ್ನುವ ಉಚಿತ ನ್ಯೂಸ್‌ರೀಡರ್, ಅಂದರೆ ಗ್ರೂಪು ತೆರೆದು ನೋಡುವ ಪ್ರೋಗ್ರಾಮು, ಹಾಕಿಕೊಂಡೆ. ಗ್ರೂಪುಗಳ ಪಟ್ಟಿಯಲ್ಲಿ 78 ಅಂತ ಹುಡುಕಿದರೆ ಆಲ್ಟ್.ಬೈನರೀಸ್.ಸೌಂಡ್ಸ್.78ಆರ್‌ಪಿಎಂ-ಎರಾ ಸಿಕ್ಕಿತು. ನನಗೆ ಬೇಕಾದ ಹೆಸರೇ! ಅದರ ಹೆಡರುಗಳನ್ನೆಲ್ಲ, ಅಂದರೆ ವಿಷಯದ ಸಾಲುಗಳನ್ನೆಲ್ಲ ಇಳಿಸಿದೆ. ಅರ್ಧ ಗಂಟೆ ಹಿಡಿಯಿತು. ಬ್ಲಾಕ್‌ನಿಂದ ಅದಕ್ಕೂ ಅರ್ಧ ಜಿಬಿ ಕಳೆಯಿತು, ನೆನಪಿರಲಿ. ಸಿನಿಮಾದ ದೊಡ್ಡ ಗ್ರೂಪುಗಳಲ್ಲಿ ಈ ಕೆಲಸಕ್ಕೆ ಹೋಗಬೇಡಿ, ಹೆಡರಿಗೇ ಬ್ಲಾಕ್ ಮುಗಿದೀತು.

ಹೆಚ್ಚಿನದೆಲ್ಲ ಅಮೆರಿಕದ ಡ್ಯಾನ್ಸ್ ಬ್ಯಾಂಡು, ಜಾಝು. ಒಬ್ಬರಂತೂ ಪ್ರತಿ ಹಾಡಿನ ಪ್ಲೇಟಿನ ನಂಬರ್, ಯಾವ ಸೂಜಿ ಬಳಸಿದ್ದು ಎಲ್ಲ ಬರೆದು ಹಾಕಿದ್ದರು. ಯಾರಿಗಾಗಿ ಇಷ್ಟು ಕಷ್ಟಪಟ್ಟರೋ. ಕೆಳಗೆ ಕೆಳಗೆ ಹೋಗುತ್ತಾ 2013ರ ಒಂದು ಪೋಸ್ಟ್ ಸಿಕ್ಕಿತು. ಅದೇ ಗಂಟು. ಟೊರೆಂಟಿನಲ್ಲಿ ಇದ್ದ ಹೆಸರೇ. 1.1 ಜಿಬಿ.

ಇಲ್ಲಿ ಬೆಲೆ ಇರುವುದು 'ರಿಟೆನ್ಷನ್' ಅನ್ನುವ ಅಂಕೆಗೆ. ಎಷ್ಟು ದಿನದ ಹಿಂದಿನದನ್ನು ಸರ್ವರ್ ಇಟ್ಟುಕೊಂಡಿದೆ ಅಂತ ಅದು ಹೇಳುತ್ತದೆ. ಐದು ಸಾವಿರ ದಿನಕ್ಕೂ ಮೇಲೆ ಇಟ್ಟಿರುವ ಪ್ರೊವೈಡರ್‌ಗಳಿದ್ದಾರೆ. ಕೊಳ್ಳುವ ಮೊದಲು ಅದನ್ನು ನೋಡಿ. ನಾನು ನೋಡಿರಲಿಲ್ಲ, ಅದೃಷ್ಟಕ್ಕೆ ಇತ್ತು.

ನಾಲ್ಕು ನಿಮಿಷದಲ್ಲಿ ಇಳಿಯಿತು. ಆದರೆ ಪೂರ್ತಿ ಅಲ್ಲ. ಯೂಸ್‌ನೆಟ್‌ನಲ್ಲಿ ದೊಡ್ಡ ಫೈಲು ಒಂದೇ ಆಗಿ ಇರುವುದಿಲ್ಲ. ಮುಕ್ಕಾಲು ಎಂಬಿ ಆಸುಪಾಸಿನ ತುಂಡುಗಳಾಗಿ ಇರುತ್ತದೆ. ನನ್ನ ಗಂಟಿನಲ್ಲಿ ಅಂಥ ಸುಮಾರು 1,500 ತುಂಡು. ಅದರಲ್ಲಿ ಕೆಲವಕ್ಕೆ 430, ಅಂದರೆ ಆ ತುಂಡು ಇಲ್ಲ ಅಂತ ಉತ್ತರ ಬಂತು. ನಾನು ಆಗಲೇ ಇನ್ನೊಂದು ಪ್ರೊವೈಡರ್ ಹತ್ತಿರ ಇನ್ನೊಂದು ಬ್ಲಾಕ್ ಕೊಳ್ಳಲು ಹೊರಟಿದ್ದೆ. ಶಿಷ್ಯ ತಡೆದ. ಹೊರಗೆ ಹತ್ತಾರು ಹೆಸರಿನ ಅಂಗಡಿಗಳಿದ್ದರೂ ಹಿಂದಿನ ಗೋದಾಮು ಕೆಲವೇ. ಅದಕ್ಕೆ ಬ್ಯಾಕ್‌ಬೋನ್ ಅನ್ನುತ್ತಾರೆ. ಅದೇ ಗೋದಾಮಿನ ಇನ್ನೊಂದು ಅಂಗಡಿಯಲ್ಲಿ ಕೊಂಡರೆ ಇಲ್ಲದ ತುಂಡು ಅಲ್ಲೂ ಇರುವುದಿಲ್ಲ.

"ಮೊದಲು ಪಾರ್ ಫೈಲು ನೋಡಿ ಸಾರ್." ಇದು ನನಗೆ ಎಲ್ಲಕ್ಕಿಂತ ಖುಷಿ ಕೊಟ್ಟ ವಿಷಯ. ಮಾರ್ಕ್‌ಶೀಟಿನಲ್ಲಿ ಗಣಿತದ ಅಂಕದ ಮೇಲೆ ಶಾಯಿ ಚೆಲ್ಲಿತು ಅನ್ನಿ. ಬೇರೆ ವಿಷಯದ ಅಂಕ ಮತ್ತು ಒಟ್ಟು ಮೊತ್ತ ಕಂಡರೆ ಗಣಿತದ್ದು ಲೆಕ್ಕ ಹಾಕಿ ತೆಗೆಯಬಹುದು, ಅಲ್ವಾ? ಪಾರ್2 ಮಾಡುವುದು ಅದನ್ನೇ, ಇನ್ನೂ ಜಾಣತನದಿಂದ. ಪೋಸ್ಟ್ ಮಾಡಿದವರು ಹಾಡಿನ ಜೊತೆ ಕೆಲವು ಲೆಕ್ಕದ ಬ್ಲಾಕುಗಳನ್ನು ಹಾಕಿರುತ್ತಾರೆ. ಇದು ನಾನು ದುಡ್ಡು ಕೊಟ್ಟು ಕೊಂಡ ಬ್ಲಾಕ್ ಅಲ್ಲ, ಫೈಲಿನ ತುಂಡು. ಯಾವ ಬ್ಲಾಕ್ ಕಳೆದರೂ ಸರಿ, ಎಷ್ಟು ಕಳೆದಿವೆಯೋ ಅಷ್ಟು ಲೆಕ್ಕದ ಬ್ಲಾಕ್ ಇದ್ದರೆ ಸಾಕು. ಸ್ಯಾಬ್‌ಎನ್‌ಝಡ್‌ಬಿ ಇದನ್ನು ತಾನೇ ಮಾಡುತ್ತದೆ. ಪ್ಯಾನ್‌ನಲ್ಲಿ ಇಳಿಸಿದ್ದಾದರೆ ಕೈಯಿಂದ ಮಾಡಬೇಕು, ವಿಂಡೋಸಿನಲ್ಲಿ ಮಲ್ಟಿಪಾರ್ ಹಾಕಿಕೊಂಡರೆ ಆಯಿತು.

ಮಲ್ಟಿಪಾರ್ ತೆರೆದೆ. ಬೇಕಾದದ್ದು 61 ಬ್ಲಾಕ್, ಇದ್ದದ್ದು 58. ಮೂರೇ ಮೂರು ಕಡಿಮೆ! 35ಕ್ಕೆ ಪಾಸು ಇರುವಾಗ 32 ತೆಗೆದ ಹುಡುಗನ ಅಪ್ಪನ ಹಾಗೆ ಕೂತೆ. ಮತ್ತೆ ಗ್ರೂಪಿಗೆ ಹೋಗಿ ಆ ಪೋಸ್ಟಿನ ಮರುದಿನದ ಸಾಲುಗಳನ್ನು ನೋಡಿದೆ. ಅದೇ ವ್ಯಕ್ತಿ ಮರುದಿನ ಇನ್ನೊಂದು ಪಾರ್ ಫೈಲು ಬೇರೆ ತಲೆಬರಹದಲ್ಲಿ ಹಾಕಿದ್ದರು. ಎಂಟು ಬ್ಲಾಕ್ ಇದ್ದದ್ದು. ಇಳಿಸಿದೆ, ರಿಪೇರ್ ಒತ್ತಿದೆ. ಕರೆಂಟು ಹೋಯಿತು. ಬ್ಯಾಟರಿ 23 ಪರ್ಸೆಂಟ್. ಕತ್ತಲಲ್ಲಿ ಆ ಹಸಿರು ಪಟ್ಟಿ ಒಂದೊಂದೇ ಗೆರೆ ಮುಂದೆ ಹೋಗುವುದನ್ನು ನೋಡುತ್ತಾ ಕೂತೆ. ಇವಳು ಬಂದು ಒಂದು ಸಲ ನನ್ನ ಮುಖ, ಒಂದು ಸಲ ಪರದೆ ನೋಡಿ ಹೋದಳು. 11 ಪರ್ಸೆಂಟಿಗೆ ಮುಗಿಯಿತು. ಎಲ್ಲ ಫೈಲೂ ಸರಿಯಾಗಿದೆ ಅಂತ ಬಂತು.

ಕಾನೂನಿನ ಮಾತು ಹೇಳಲೇಬೇಕು. ನಮ್ಮ ದೇಶದಲ್ಲಿ ಧ್ವನಿಮುದ್ರಣದ ಹಕ್ಕು ಅದು ಹೊರಬಂದ ಮರುವರ್ಷದಿಂದ 60 ವರ್ಷ. 1902ರಿಂದ 1930ರ ಒಳಗಿನ ಈ ಹಾಡುಗಳಿಗೆ ಆ ತಕರಾರು ಇಲ್ಲ. ಆದರೆ ಈ ಗ್ರೂಪುಗಳಲ್ಲಿ ಹೊಸ ಸಿನಿಮಾ, ಪ್ರೋಗ್ರಾಮು ಬೇಕಾದಷ್ಟು ಬಿದ್ದಿರುತ್ತವೆ. ಎಸ್‌ಎಸ್‌ಎಲ್ ಹಾಕಿದರೆ ದಾರಿಯಲ್ಲಿ ಇಣುಕುವವನಿಗೆ ಕಾಣುವುದಿಲ್ಲ, ಅಷ್ಟೆ. ತಪ್ಪು ತಪ್ಪೇ. ಕಾಪಿರೈಟ್ ಕಾಯಿದೆಯ 63ನೇ ಸೆಕ್ಷನ್ನಿನಲ್ಲಿ ಮೂರು ವರ್ಷದ ತನಕ ಜೈಲು ಉಂಟು. ಲಿನಕ್ಸಿನಂಥ ಉಚಿತ ಸಾಮಾನು, ಹಳೇ ಪ್ಲೇಟು, ಇಂಥದ್ದಕ್ಕೆ ಬಳಸುವವನಿಗೆ ನನ್ನ ಈ ಕಥೆ.

ಭಾನುವಾರ ಪೆನ್‌ಡ್ರೈವು, ಸಣ್ಣ ಸ್ಪೀಕರು ಹಿಡಿದುಕೊಂಡು ಪೆರ್ಲಕ್ಕೆ ಹೋದೆ. ಮಾವ ಚೀಟಿಗಳನ್ನು ಸರಿಸಿ ಸ್ಪೀಕರನ್ನು ಗ್ರಾಮಫೋನಿನ ಮೇಲೇ ಇಡಿಸಿದರು. ಮೊದಲ ಹಾಡಿಗೆ "ಇದಲ್ಲ". ಎರಡನೆಯದಕ್ಕೂ. ಪ್ರತಿ ಹಾಡಿನ ಕೊನೆಗೆ ಆಕೆ ಇಂಗ್ಲಿಷಿನಲ್ಲಿ ತನ್ನ ಹೆಸರು ಹೇಳುತ್ತಾಳೆ, ಗತ್ತಿನಿಂದ. ಆಗ ಪ್ಲೇಟು ಒತ್ತುತ್ತಿದ್ದದ್ದು ಜರ್ಮನಿಯ ಹ್ಯಾನೋವರಿನಲ್ಲಿ. ಅಲ್ಲಿಯವರಿಗೆ ಯಾರ ಹಾಡು ಅಂತ ಗೊತ್ತಾಗಲಿ ಅಂತ ಹಾಗೆ ಹೇಳಿಸುತ್ತಿದ್ದರಂತೆ. ಮಾವನಿಗೆ ಅದು ಹೇಳಿದಾಗ, "ಅವಳು ಸತ್ತದ್ದು ಮೈಸೂರಿನಲ್ಲಿ, ಗೊತ್ತುಂಟಾ? ಮಹಾರಾಜರ ಆಸ್ಥಾನದಲ್ಲಿದ್ದಳು" ಅಂದರು. ನೋಡಿದೆ. ಹೌದು, 1930ರ ಜನವರಿಯಲ್ಲಿ.

ಹದಿನಾಲ್ಕನೆಯದೋ ಹದಿನೈದನೆಯದೋ ಹಾಡಿಗೆ ಮಾವ ಎಲೆಯಡಿಕೆ ಜಗಿಯುವುದನ್ನು ನಿಲ್ಲಿಸಿದರು. ಮಾಡಿನ ನೀರು ಅಂಗಳಕ್ಕೆ ಬೀಳುವ ಸದ್ದು, ಪ್ಲೇಟಿನ ಗರಗರ ಎರಡೂ ಒಂದೇ ಆಗಿತ್ತು. ಮುಗಿದ ಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದು, "ಇದೇ ಇರಬೇಕು. ಅಲ್ಲದಿದ್ದರೂ ಅಡ್ಡಿಯಿಲ್ಲ, ಇನ್ನೊಂದು ಸಲ ಹಾಕು" ಅಂದರು.

ನನ್ನ ಬ್ಲಾಕ್‌ನಲ್ಲಿ ಇನ್ನೂ 98 ಜಿಬಿ ಬಾಕಿ ಉಂಟು. ಹೊರಡುವಾಗ ಮಾವ ಅಟ್ಟದಿಂದ ಒಂದು ತಗಡಿನ ಪೆಟ್ಟಿಗೆ ಇಳಿಸಿದರು. ಒಳಗೆ ಹಳೇ ಸೀರೆಯಲ್ಲಿ ಸುತ್ತಿದ ಆರು ಪ್ಲೇಟು, ಎರಡಕ್ಕೆ ಲೇಬಲೇ ಇಲ್ಲ. "ಅವರೆಲ್ಲ ಹಾಕಿದ್ದಾರೆ ಅಂದೆಯಲ್ಲ, ಇದನ್ನೂ ಅಲ್ಲಿಗೆ ಹಾಕಲಿಕ್ಕೆ ಆಗುತ್ತದಾ?" ಆಗುತ್ತದೆ ಅಂದಿದ್ದೇನೆ. ಈಗ ಗ್ರಾಮಫೋನಿನ ಸ್ಪ್ರಿಂಗ್ ಹಾಕಿಕೊಡುವವರನ್ನು ಹುಡುಕುತ್ತಿದ್ದೇನೆ. ಮಂಗಳೂರಿನಲ್ಲಿ ಒಬ್ಬರಿದ್ದಾರೆ ಅಂತ ಕೇಳಿದೆ, ಬರುವ ಶನಿವಾರ ಹೋಗಿ ನೋಡಬೇಕು.